ಯಾವ ಬೈಪಾಸ್, ಎಷ್ಟು ಸೆಂಟಿಮೀಟರ್?

ಕಲಬುರಗಿಯಲ್ಲಿ ‘ಬೈಪಾಸ್ ಆಗ್ಯದ’ ಅಂದರೆ ಸಾಕು, ಕೇಳಿದವರ ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ. ನಮ್ಮ ವೈನಿ, ಅಂದರೆ ಅತ್ತಿಗೆ, ಮೂರು ವರ್ಷದಿಂದ ಇದನ್ನು ನೋಡುತ್ತ ಬಂದಿದ್ದಾರೆ. ‘ಹಾರ್ಟಿಂದಲ್ರೀ, ಹೊಟ್ಟೀದು’ ಎಂದು ಅವರು ತಿದ್ದುವುದು, ‘ಹೊಟ್ಟೀಗೂ ಬೈಪಾಸ್ ಇರ್ತದೇನು?’ ಎಂದು ಎದುರಿನವರು ಹುಬ್ಬೇರಿಸುವುದು ಪ್ರತಿ ಮದುವೆ ಮನೆಯಲ್ಲೂ ನಡೆಯುವ ಮಾತುಕತೆ. ಅವರದು ತೂಕ ಇಳಿಸಲು ಮಾಡಿಸಿಕೊಂಡ ಆಪರೇಷನ್. ಈ ಮಾತುಕತೆಗೆ ಅವರು ಒಗ್ಗಿಹೋಗಿದ್ದಾರೆ. ಆದರೆ ಹೋದ ಚಳಿಗಾಲ ಸೇಡಂ ರಸ್ತೆಯ ಕ್ಲಿನಿಕ್ಕೊಂದರಲ್ಲಿ ಡಾಕ್ಟರು ಕೇಳಿದ ಪ್ರಶ್ನೆಗೆ ಅವರ ಬಳಿಯೂ ಉತ್ತರವಿರಲಿಲ್ಲ, ಜೊತೆಗೆ ಹೋಗಿದ್ದ ನನ್ನ ಬಳಿಯೂ ಇರಲಿಲ್ಲ.

ಎರಡು ತಿಂಗಳಿಂದ ವೈನಿಗೆ ಅಂಗಾಲು ಜೋಮು ಹಿಡಿಯುತ್ತಿತ್ತು. ಕತ್ತಲಲ್ಲಿ ನಡೆದರೆ ಹೆಜ್ಜೆ ತಪ್ಪುತ್ತಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. ಸಕ್ಕರೆ ಕಾಯಿಲೆ ಮರಳಿತೇನೋ ಎಂಬ ಹೆದರಿಕೆಯಲ್ಲಿ ಹೋಗಿದ್ದೆವು. ಸಕ್ಕರೆ ಸರಿಯಾಗಿಯೇ ಇತ್ತು. ಡಾಕ್ಟರು ಫೈಲು ತಿರುವಿ, ‘ಯಾವ ಬೈಪಾಸ್ ಮಾಡ್ಯಾರ್ರಿ? ಎಷ್ಟು ಕರುಳು ಬಿಟ್ಟು ಜೋಡಿಸ್ಯಾರ?’ ಅಂದರು. ಹೈದರಾಬಾದಿನ ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಆಪರೇಷನ್ ಬಗ್ಗೆ ಇದ್ದದ್ದು ಒಂದೇ ಸಾಲು: ಲ್ಯಾಪರೋಸ್ಕೋಪಿಕ್ ಗ್ಯಾಸ್ಟ್ರಿಕ್ ಬೈಪಾಸ್ ಮಾಡಲಾಗಿದೆ. ಕೆಳಗೆ ಮೂರು ತಿಂಗಳ ಮಾತ್ರೆಗಳ ಪಟ್ಟಿ. ಆ ಮೂರು ತಿಂಗಳು ಮುಗಿದ ಮೇಲೆ ವೈನಿ ಮಾತ್ರೆ ನಿಲ್ಲಿಸಿದ್ದರು. ಮುಂದುವರಿಸಬೇಕೆಂದು ಯಾರೂ ಬರೆದಿರಲಿಲ್ಲ, ಯಾರೂ ಹೇಳಿದ್ದು ಅವರಿಗೆ ನೆನಪಿರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9.1 ಬಂತು. ಬಿ12 ವಿಟಮಿನ್ 110. ಕನಿಷ್ಠ 200ರ ಮೇಲಿರಬೇಕಾದ ಅಂಕಿ ಅದು. ಹೈದರಾಬಾದಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಆಪರೇಷನ್ ಟಿಪ್ಪಣಿಯ ಫೋಟೊ ವಾಟ್ಸ್ಆ್ಯಪಿನಲ್ಲಿ ಬಂತು. ಅದರಲ್ಲಿ ಬೇಕಾದದ್ದೆಲ್ಲ ಇತ್ತು: ಒಂದೇ ಜೋಡಣೆಯ ಬೈಪಾಸ್, 200 ಸೆಂ.ಮೀ. ಆ ಎರಡು ಮಾತು ಮೊದಲ ದಿನವೇ ವೈನಿಯ ಕೈಯಲ್ಲಿ ಇದ್ದಿದ್ದರೆ ಕಾಲು ಜೋಮು ಹಿಡಿಯುವವರೆಗೆ ನಾವು ಕಾಯಬೇಕಾಗಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಸಿಟ್ಟಿನಲ್ಲಿ.

ಗ್ಯಾಸ್ಟ್ರಿಕ್ ಬೈಪಾಸ್ ಎನ್ನುವುದು ಒಂದು ಆಪರೇಷನ್ನಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಅದರಲ್ಲಿ ಯಾವುದು ಆಗಿದೆ ಎಂಬುದರ ಮೇಲೆ ಮುಂದಿನ ಮೂವತ್ತು, ನಲವತ್ತು ವರ್ಷ ನೀವು ಏನು ತಿನ್ನಬೇಕು, ಯಾವ ಮಾತ್ರೆ ನುಂಗಬೇಕು, ಹೊಟ್ಟೆನೋವು ಬಂದರೆ ಡಾಕ್ಟರು ಯಾವುದನ್ನು ಮೊದಲು ಅನುಮಾನಿಸಬೇಕು ಎಲ್ಲವೂ ನಿಂತಿದೆ. ಜಾಹೀರಾತುಗಳು ಮಾತ್ರ ಮೊದಲ ವರ್ಷ ಇಳಿಯುವ ಕಿಲೋ ಲೆಕ್ಕವನ್ನೇ ಹೇಳುತ್ತವೆ.

ಮೊದಲು, ಇದು ಯಾರಿಗೆ ಎಂಬ ಮಾತು. ತೂಕವನ್ನು ಕಿಲೋದಲ್ಲಿ ಹಿಡಿದು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವುದು ಬಿಎಂಐ. ವೈನಿ ಆಗ 112 ಕಿಲೋ, ಎತ್ತರ 156 ಸೆಂ.ಮೀ., ಬಿಎಂಐ 46. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಎಳೆದ ಗೆರೆಯ ಪ್ರಕಾರ 40 ದಾಟಿದವರಿಗೆ, ಇಲ್ಲವೇ 35 ದಾಟಿ ಸಕ್ಕರೆ ಕಾಯಿಲೆಯಂಥ ತೊಂದರೆ ಇರುವವರಿಗೆ ಮಾತ್ರ ಆಪರೇಷನ್. ಮೂರು ದಶಕ ಅದೇ ನಡೆಯಿತು. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳು ಸೇರಿ ಆ ಗೆರೆಯನ್ನು 35ಕ್ಕೆ ಇಳಿಸಿದವು, ಸಕ್ಕರೆ ಕಾಯಿಲೆ ಇದ್ದರೆ 30ಕ್ಕೆ. ಏಷ್ಯಾದವರಿಗೆ 25ರಿಂದಲೇ ಬೊಜ್ಜು ಎಂದು ಎಣಿಸಬೇಕು, 27.5ರಿಂದಲೇ ಆಪರೇಷನ್ ನೀಡಬೇಕು ಎಂದವು. ಕಾರಣ ನಮಗೆಲ್ಲ ಗೊತ್ತಿರುವುದೇ: ನಮ್ಮವರ ಕೈಕಾಲು ಸಣ್ಣಗಿದ್ದರೂ ಕೊಬ್ಬು ಹೊಟ್ಟೆಯ ಸುತ್ತ ಕೂತಿರುತ್ತದೆ, ಕಡಿಮೆ ತೂಕದಲ್ಲೇ ಸಕ್ಕರೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರು ಅತಿತೂಕದವರು ಎಂದು ಕಂಡಿತ್ತು. ಅವರೆಲ್ಲರಿಗೂ ಆಪರೇಷನ್ ಬೇಕಿಲ್ಲ. ಆದರೆ ಬಿಎಂಐ 46 ಇರುವವರಿಗೆ ‘ಊಟ ಕಡಿಮಿ ಮಾಡಿದ್ರ ಆಗೂದಿಲ್ಲೇನು?’ ಎಂದು ಕೇಳುವವರು ಒಂದು ಮಾತು ತಿಳಿಯಬೇಕು: ತೂಕ ಇಳಿದಂತೆಲ್ಲ ಹಸಿವಿನ ಹಾರ್ಮೋನು ಏರುತ್ತದೆ, ದೇಹ ಕಡಿಮೆ ಇಂಧನದಲ್ಲಿ ಬದುಕುವುದನ್ನು ಕಲಿಯುತ್ತದೆ, ಹಳೆಯ ತೂಕಕ್ಕೆ ಎಳೆಯುತ್ತದೆ. ವೈನಿ ನಾಲ್ಕು ಸಲ 10 ಕಿಲೋ ಇಳಿಸಿ ನಾಲ್ಕು ಸಲವೂ ಏರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಷ್ಟು ಹಟದ ಹೆಣ್ಣುಮಗಳು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ.

ಈಗ ಹೊಟ್ಟೆಯೊಳಗೆ. ಅನ್ನನಾಳದಿಂದ ಇಳಿದ ಊಟ ಜಠರದಲ್ಲಿ ಅರೆಯಲ್ಪಟ್ಟು ಸಣ್ಣ ಕರುಳಿಗೆ ಹೋಗುತ್ತದೆ. ಸಣ್ಣ ಕರುಳು ಸುಮಾರು 6 ಮೀಟರ್, ಕೆಲವರಿಗೆ 4, ಕೆಲವರಿಗೆ 8. ಅದರ ಮೊದಲ ಭಾಗದಲ್ಲೇ ಪಿತ್ತರಸ ಮತ್ತು ಮೇದೋಜೀರಕ ರಸ ಬಂದು ಸೇರುತ್ತವೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೆಚ್ಚಾಗಿ ಅಲ್ಲೇ ರಕ್ತಕ್ಕೆ ಸೇರುತ್ತವೆ. ಬೈಪಾಸ್ ಎಂದರೆ ಜಠರದ ಮೇಲ್ತುದಿಯಲ್ಲಿ ಒಂದು ಚಿಕ್ಕ ಚೀಲ ಮಾತ್ರ ಉಳಿಸಿಕೊಂಡು, ಅದನ್ನು ಕೆಳಗಿನ ಕರುಳಿಗೆ ನೇರ ಜೋಡಿಸುವುದು. ಊಟ ದೊಡ್ಡ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ನೋಡದೆ ಮುಂದೆ ಹೋಗುತ್ತದೆ. ಬಿಟ್ಟ ಜಠರವನ್ನು ತೆಗೆದು ಎಸೆಯುವುದಿಲ್ಲ. ಅದು ಒಳಗೇ ಇದ್ದು ರಸ ಸುರಿಸುತ್ತಿರುತ್ತದೆ.

1966ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಇದನ್ನು ಮೊದಲು ಮಾಡಿದರು. ಹುಣ್ಣಿಗಾಗಿ ಜಠರ ಕತ್ತರಿಸಿಕೊಂಡವರು ಆಮೇಲೆ ದಪ್ಪವಾಗುವುದೇ ಇಲ್ಲ ಎಂಬುದನ್ನು ಮೇಸನ್ ಗಮನಿಸಿದ್ದರು. ಅವರು ಕರುಳಿನ ಒಂದು ಮಡಿಕೆಯನ್ನು ಎತ್ತಿ ಚೀಲಕ್ಕೆ ಹೊಲಿದರು. ಒಂದೇ ಜೋಡಣೆ, ಸರಳ. ತೊಂದರೆ ಎಂದರೆ ಆ ಮಡಿಕೆಯಲ್ಲಿ ಹರಿಯುವ ಪಿತ್ತರಸ ಚೀಲಕ್ಕೆ ನುಗ್ಗಿ ಅನ್ನನಾಳದವರೆಗೆ ಏರುತ್ತಿತ್ತು. ಬಾಯಿ ಕಹಿ, ಎದೆ ಉರಿ. 1977ರಲ್ಲಿ ವಾರ್ಡ್ ಗ್ರಿಫೆನ್ ಇದಕ್ಕೆ ಹಳೆಯ ಮದ್ದು ಹುಡುಕಿದರು. ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದ ಸರ್ಜನ್ ಸೀಸರ್ ರೂ 19ನೇ ಶತಮಾನದ ಕೊನೆಯಲ್ಲಿ ಹೇಳಿಕೊಟ್ಟಿದ್ದ ಜೋಡಣೆ ಅದು. ಕರುಳನ್ನು ಪೂರ್ತಿ ಕತ್ತರಿಸಿ ಕೆಳತುದಿಯನ್ನು ಚೀಲಕ್ಕೆ ಹೊಲಿಯಬೇಕು. ಪಿತ್ತರಸ ತರುವ ಮೇಲಿನ ತುದಿಯನ್ನು ಒಂದು ಮೀಟರಿನಷ್ಟು ಕೆಳಗೆ ತಂದು ಕೂಡಿಸಬೇಕು. ಕವಲು ಕಟ್ಟಿಗೆಯ ಆಕಾರ: ಒಂದು ಕೊಂಬೆಯಲ್ಲಿ ಊಟ ಬರುತ್ತದೆ, ಇನ್ನೊಂದರಲ್ಲಿ ರಸ ಬರುತ್ತದೆ, ಬುಡದಲ್ಲಿ ಎರಡೂ ಕೂಡುತ್ತವೆ. ಇಂಗ್ಲಿಷಿನ ವೈ ಅಕ್ಷರದಂತೆ ಕಾಣುವುದರಿಂದ ‘ರೂ ಆನ್ ವೈ’ ಎಂಬ ಹೆಸರು. 1990ರ ದಶಕದಲ್ಲಿ ಇದು ನಮ್ಮ ಕಡೆ ದುರ್ಬೀನ್ ಆಪರೇಷನ್ ಎನ್ನುವ ಲ್ಯಾಪರೋಸ್ಕೋಪಿಗೆ ಬಂತು. ಇಂದು ಅತಿ ಹೆಚ್ಚು ವರ್ಷಗಳ ಅನುಭವವಿರುವ ಬೈಪಾಸ್ ಇದೇ.

ಚೀಲ ಚಿಕ್ಕದು, 30 ಮಿಲಿಯ ಆಸುಪಾಸು, ಒಂದು ಗುಟುಕು ಚಹಾದಷ್ಟು. ಬೇಗ ಹೊಟ್ಟೆ ತುಂಬುತ್ತದೆ ಎನ್ನುವುದು ಅರ್ಧ ಕಥೆ. ಉಳಿದರ್ಧ ಇನ್ನೂ ಸೊಗಸಾದದ್ದು. ಊಟ ಬೇಗ ಕೆಳಗರುಳಿಗೆ ತಲುಪುವುದರಿಂದ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳು ಉಕ್ಕುತ್ತವೆ. ಅವು ಮೆದುಳಿಗೆ ‘ಸಾಕು’ ಎನ್ನುತ್ತವೆ, ಜಿಎಲ್‌ಪಿ-1 ಇನ್ಸುಲಿನ್ನನ್ನೂ ಎಬ್ಬಿಸುತ್ತದೆ. ತೂಕ ಇಳಿಯುವ ಮೊದಲೇ, ಕೆಲವೇ ದಿನದಲ್ಲಿ ಸಕ್ಕರೆ ಇಳಿಯುವುದು ಇದರಿಂದ. ಆಪರೇಷನ್ ಆದ ಎರಡನೆಯ ವಾರವೇ ವೈನಿಯ ಇನ್ಸುಲಿನ್ ನಿಂತಾಗ ಮನೆಯವರು ಪವಾಡ ಅಂದಿದ್ದರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಅಧ್ಯಯನದಲ್ಲಿ 5 ವರ್ಷದ ನಂತರ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು 6% ಅಥವಾ ಅದಕ್ಕೂ ಕೆಳಗೆ ಹಿಡಿದಿಟ್ಟವರು ಬರೀ ಔಷಧಿಯಲ್ಲಿ 5%, ಬೈಪಾಸ್‌ನಲ್ಲಿ 29%. ಪವಾಡವಲ್ಲ, ಆದರೆ ಸಣ್ಣದೂ ಅಲ್ಲ. ಹತ್ತಕ್ಕೆ ಏಳು ಮಂದಿಗೆ ಆ ಗುರಿ ದಕ್ಕಲಿಲ್ಲ ಎನ್ನುವುದನ್ನೂ ಅದೇ ಅಂಕಿ ಹೇಳುತ್ತದೆ.

ರೂ ಬೈಪಾಸ್‌ಗೆ ಅದರದೇ ಕಷ್ಟಗಳಿವೆ. ಕರುಳನ್ನು ಕತ್ತರಿಸಿ ಎತ್ತಿದ ಕಡೆ ಹಿಂದೆ ಸಂದುಗಳು ಉಳಿಯುತ್ತವೆ. ತೂಕ ಇಳಿದಂತೆ ಒಳಗಿನ ಕೊಬ್ಬು ಕರಗಿ ಆ ಸಂದು ಅಗಲವಾಗುತ್ತದೆ. ಒಂದು ದಿನ ಕರುಳು ಅದರೊಳಗೆ ತೂರಿ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಒಳ ಹರ್ನಿಯಾ ಎನ್ನುತ್ತಾರೆ. ಹೊರಗೆ ಉಬ್ಬು ಕಾಣುವುದಿಲ್ಲ, ಹೊಟ್ಟೆನೋವು ಬಂದು ಹೋಗಿ ಮಾಡುತ್ತದೆ, ತಡವಾದರೆ ಕರುಳು ಕೊಳೆಯುತ್ತದೆ. ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿದಂತೆ, ಆಪರೇಷನ್ ವೇಳೆಯೇ ಸಂದುಗಳನ್ನು ಹೊಲಿದರೆ ಮೂರು ವರ್ಷದೊಳಗೆ ಕರುಳು ಕಟ್ಟಿ ಮರು ಆಪರೇಷನ್ ಆಗುವವರು ನೂರಕ್ಕೆ ಸುಮಾರು 10ರಿಂದ 6ರ ಹತ್ತಿರಕ್ಕೆ ಇಳಿಯುತ್ತಾರೆ. ‘ಸಂದು ಹೊಲಿಯುತ್ತೀರಾ?’ ಎಂದು ಸರ್ಜನ್‌ರನ್ನು ಕೇಳುವುದು ಅವಮಾನವಲ್ಲ. ಇನ್ನೊಂದು ಕಷ್ಟ ಡಂಪಿಂಗ್. ಜಠರದ ತಡೆ ಇಲ್ಲದ್ದರಿಂದ ಸಿಹಿ ಸೀದಾ ಕರುಳಿಗೆ ಸುರಿದು ಬೆವರು, ಎದೆಬಡಿತ, ತಲೆಸುತ್ತು. ನಮ್ಮೂರಿನ ಪಾಕ ಸುರಿಯುವ ಮಾಲಪುರಿ ಒಂದು ತಿಂದರೆ ಅರ್ಧ ತಾಸಿನಲ್ಲಿ ಮಲಗಬೇಕಾಗುತ್ತದೆ. ಇದೇ ಸಿಹಿಯಿಂದ ದೂರ ಇಡುತ್ತದೆ ಎಂದು ಒಳ್ಳೆಯದೆನ್ನುವವರೂ ಇದ್ದಾರೆ.

ಇನ್ನು ವೈನಿಗೆ ಆದದ್ದು. 1997ರಲ್ಲಿ ಅಮೆರಿಕದ ರಾಬರ್ಟ್ ರಟ್ಲೆಜ್ ಮೇಸನ್‌ರ ಒಂದೇ ಜೋಡಣೆಗೆ ಮರಳಿದರು, ಒಂದು ತಿದ್ದುಪಡಿಯೊಂದಿಗೆ. ಮೇಸನ್‌ರ ಚೀಲ ಅಡ್ಡಕ್ಕಿತ್ತು, ಗಿಡ್ಡವಿತ್ತು. ರಟ್ಲೆಜ್ ಅದನ್ನು ಉದ್ದನೆಯ ಕೊಳವೆಯಾಗಿ ಕತ್ತರಿಸಿದರು. ಪಿತ್ತರಸ ಏರಿದರೂ ಅನ್ನನಾಳ ಮುಟ್ಟಲು ದೂರ ಹೋಗಬೇಕು. ಆಮೇಲೆ ಕರುಳಿನ ಸುಮಾರು 200 ಸೆಂ.ಮೀ. ಬಿಟ್ಟು ಅಲ್ಲಿನ ಮಡಿಕೆಯನ್ನು ಕೊಳವೆಯ ತುದಿಗೆ ಹೊಲಿದರು. ಇದೇ ಮಿನಿ ಬೈಪಾಸ್. ಒಂದೇ ಜೋಡಣೆಯಾದ್ದರಿಂದ ಸೋರುವ ಜಾಗವೂ ಒಂದೇ. ಆಪರೇಷನ್ ಹೊತ್ತು ಕಡಿಮೆ, ಒಳ ಹರ್ನಿಯಾ ಅಪರೂಪ, ಮುಂದೆ ಬೇಡವಾದರೆ ಬಿಚ್ಚುವುದೂ ಹೋಲಿಕೆಯಲ್ಲಿ ಸುಲಭ. ಭಾರತದಲ್ಲಿ ಇದಕ್ಕೆ ಬಹಳ ಬೇಡಿಕೆ. ಆದರೆ ‘ಮಿನಿ’ ಎಂಬ ಹೆಸರು ನಮ್ಮಂಥವರನ್ನು ದಾರಿ ತಪ್ಪಿಸುತ್ತದೆ. ಮಿನಿ ಆದದ್ದು ಸರ್ಜನ್ನರ ಕೆಲಸ, ದೇಹದಲ್ಲಾಗುವ ಬದಲಾವಣೆಯಲ್ಲ. ರೂ ಬೈಪಾಸ್‌ನಲ್ಲಿ ರಸ ತರುವ ಕೊಂಬೆ ಸಾಮಾನ್ಯವಾಗಿ 50ರಿಂದ 75 ಸೆಂ.ಮೀ. ಇರುತ್ತದೆ, ಊಟದ ಕೊಂಬೆ 100ರಿಂದ 150. ಊಟದ ಕೊಂಬೆಯಲ್ಲಿ ಊಟ ಹರಿಯುತ್ತದೆ, ಅಷ್ಟಿಷ್ಟು ಹೀರಲ್ಪಡುತ್ತದೆ. ಮಿನಿಯಲ್ಲಿ ಬಿಟ್ಟ 150 ಅಥವಾ 200 ಸೆಂ.ಮೀ. ಕರುಳು ಊಟದ ಮುಖವನ್ನೇ ನೋಡುವುದಿಲ್ಲ. ತೂಕ ಚೆನ್ನಾಗಿ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ. ಅದರ ಜೊತೆ ಕಬ್ಬಿಣ, ಪ್ರೋಟೀನು, ಕೊಬ್ಬಿನಲ್ಲಿ ಕರಗುವ ವಿಟಮಿನ್ನುಗಳೂ ಇಳಿಯುತ್ತವೆ.

ಇವೆರಡನ್ನು ಎದುರುಬದುರು ನಿಲ್ಲಿಸಿ ನೋಡಿದ ಫ್ರಾನ್ಸಿನ ಯೋಮೆಗಾ ಅಧ್ಯಯನ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 253 ಜನ. ಮಿನಿಯಲ್ಲಿ 200 ಸೆಂ.ಮೀ. ಬಿಟ್ಟಿದ್ದರು. ಎರಡು ವರ್ಷದಲ್ಲಿ ಇಳಿದ ಹೆಚ್ಚುವರಿ ಬಿಎಂಐ, ಅಂದರೆ 25ರ ಮೇಲಿನ ಪಾಲಿನಲ್ಲಿ ಇಳಿದದ್ದು, ಮಿನಿಯಲ್ಲಿ 87.9%, ರೂನಲ್ಲಿ 85.8%. ಅಂದರೆ ತೂಕದ ಲೆಕ್ಕದಲ್ಲಿ ಸರಿಸಮ. ಗಂಭೀರ ತೊಂದರೆಗಳು ಮಿನಿಯಲ್ಲಿ 42, ರೂನಲ್ಲಿ 24. ಆ 42ರಲ್ಲಿ 9 ಪೌಷ್ಟಿಕಾಂಶ ಕೊರತೆಯಿಂದ ಬಂದವು. ರೂನಲ್ಲಿ ಅಂಥದ್ದು ಒಂದೂ ಇಲ್ಲ. ಭೇದಿಯೂ ಮಿನಿಯಲ್ಲೇ ಹೆಚ್ಚು. ನಾನು ಈ ಅಂಕಿಗಳನ್ನು ಮೊದಲು ಓದಿದ್ದು ವೈನಿಯ ಬಿ12 ವರದಿ ಕೈಗೆ ಬಂದ ಮರುದಿನ. ಫ್ರಾನ್ಸಿನಲ್ಲಿ ಹಾಲು, ಮೊಟ್ಟೆ, ಮಾಂಸ ತಿನ್ನುವವರಿಗೆ, ಕರೆದಾಗ ಆಸ್ಪತ್ರೆಗೆ ಬರುವವರಿಗೆ ಹೀಗಾದರೆ ಎಂದು ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ಹೇಳಬೇಕು: 200 ಎಂಬುದು ಕಲ್ಲಿನಲ್ಲಿ ಕೊರೆದ ಅಂಕಿ ಅಲ್ಲ. 150ರಲ್ಲಿ ನಿಲ್ಲಿಸುವ ಸರ್ಜನ್ನರು ಈಗ ಬಹಳ ಮಂದಿ ಇದ್ದಾರೆ. ಕರುಳಿನ ಒಟ್ಟು ಉದ್ದ ಅಳೆದು ಎಷ್ಟು ಬಿಡಬೇಕೆಂದು ನಿರ್ಧರಿಸುವವರೂ ಇದ್ದಾರೆ. 4 ಮೀಟರ್ ಕರುಳಿನವರಲ್ಲಿ 2 ಮೀಟರ್ ಬಿಟ್ಟರೆ ಅರ್ಧವೇ ಹೋಯಿತಲ್ಲ!

ಬೈಪಾಸ್ ಅಲ್ಲದಿದ್ದರೂ ಬೈಪಾಸ್ ಎಂದೇ ಜನ ಕರೆಯುವ ಮೂರನೆಯದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆ ಉಳಿಸುತ್ತಾರೆ. ಕರುಳು ಮುಟ್ಟುವುದಿಲ್ಲ. ಜಗತ್ತಿನಲ್ಲಿ ಇಂದು ಅತಿ ಹೆಚ್ಚು ನಡೆಯುವುದು ಇದೇ. ಫಿನ್ಲೆಂಡಿನ 240 ಜನರ ಅಧ್ಯಯನ ಹತ್ತು ವರ್ಷ ಹಿಂಬಾಲಿಸಿ ನೋಡಿತು. ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನಿಂದ 43.5%, ರೂ ಬೈಪಾಸ್‌ನಿಂದ 50.7% ಇಳಿದು ನಿಂತಿತ್ತು. ಅಂತರ ಇದೆ, ಆದರೆ ಹಗಲು ರಾತ್ರಿಯಷ್ಟಲ್ಲ. ನಿಜವಾದ ವ್ಯತ್ಯಾಸ ಎದೆಯುರಿಯಲ್ಲಿ. ಅನ್ನನಾಳ ಉರಿದು ಗಾಯವಾದವರು ಸ್ಲೀವ್‌ನಲ್ಲಿ 31%, ಬೈಪಾಸ್‌ನಲ್ಲಿ 7%. ಮೊದಲೇ ಹುಳಿತೇಗು, ಎದೆಯುರಿ ಇರುವವರಿಗೆ ರೂ ಬೈಪಾಸ್ ಅದನ್ನು ಕಡಿಮೆ ಮಾಡುತ್ತದೆ, ಸ್ಲೀವ್ ಹೆಚ್ಚಿಸಬಹುದು, ಮಿನಿಯಲ್ಲಿ ಪಿತ್ತರಸ ಏರುವ ಭಯ. ಸ್ಲೀವ್‌ನಲ್ಲಿ ತೆಗೆದ ಜಠರ ಮತ್ತೆ ಬರುವುದಿಲ್ಲ ಎಂಬುದೂ ನೆನಪಿರಲಿ. ಇವಲ್ಲದೆ ಸ್ಲೀವ್ ಮಾಡಿ ಅದರ ಜೊತೆ ಕರುಳಿನ ದೊಡ್ಡ ಭಾಗವನ್ನೂ ಬಿಟ್ಟು ಜೋಡಿಸುವ ಡುವೊಡಿನಲ್ ಸ್ವಿಚ್, ಸ್ಪೇನಿನ ಸರ್ಜನ್ನರು 2007ರಲ್ಲಿ ಶುರು ಮಾಡಿದ ಸಾಡಿ ಎಂಬವೂ ಇವೆ. ತೂಕ, ಸಕ್ಕರೆ ಇಳಿಸುವುದರಲ್ಲಿ ಇವು ಎಲ್ಲಕ್ಕಿಂತ ಬಲಶಾಲಿ, ಕೊರತೆ ತರುವುದರಲ್ಲೂ ಹಾಗೆಯೇ. ಬಿಎಂಐ 50 ದಾಟಿದವರಿಗೆ ದೊಡ್ಡ ಕೇಂದ್ರಗಳಲ್ಲಿ ಯೋಚಿಸುವ ವಿಷಯ ಅದು.

ಈ ಅಂಕಿಗಳನ್ನೆಲ್ಲ ನಮ್ಮ ತಾಟಿನ ಮುಂದೆ ತಂದು ಕೂರಿಸಬೇಕು. ಅದೇ ಕುಟುಂಬ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ದಪ್ಪಗಿದ್ದಾರೆಂದರೆ ರಕ್ತ ತುಂಬಿದೆ ಎಂದಲ್ಲ. 112 ಕಿಲೋ ಇದ್ದಾಗಲೂ ವೈನಿಯ ಹಿಮೋಗ್ಲೋಬಿನ್ 10.4 ಇತ್ತು. ಮೊದಲೇ ಅರ್ಧ ಖಾಲಿ ಇರುವ ಕಣಜದ ಬಾಗಿಲನ್ನೂ ಕಿರಿದು ಮಾಡಿದಂತಾಯಿತು. ಬಿ12 ಕಥೆ ಇನ್ನೂ ಸೂಕ್ಷ್ಮ. ಅದು ಸಿಗುವುದು ಹಾಲು, ಮೊಟ್ಟೆ, ಮಾಂಸದಲ್ಲಿ ಮಾತ್ರ. ಅದನ್ನು ಹೀರಿಕೊಳ್ಳಲು ಜಠರದ ಆಮ್ಲ ಬೇಕು, ಜಠರವೇ ಸುರಿಸುವ ಒಂದು ಪ್ರೋಟೀನೂ ಬೇಕು. ಬೈಪಾಸ್ ಆದವರಲ್ಲಿ ಊಟಕ್ಕೆ ಎರಡೂ ಸರಿಯಾಗಿ ಸಿಗುವುದಿಲ್ಲ. ಆದರೂ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ದಾಸ್ತಾನು ಇರುತ್ತದೆ. ಹಾಗಾಗಿ ಮೊದಲ ವರ್ಷ ಎಲ್ಲ ಚೆಂದ, ಎರಡನೆಯ ವರ್ಷವೂ ಚೆಂದ, ಆಮೇಲೆ ಕಾಲು ಜೋಮು. ಅಷ್ಟರಲ್ಲಿ ಜನ ಆಪರೇಷನ್ನನ್ನೇ ಮರೆತಿರುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ, ವೈನಿಗೆ ಹಾಲು ಹಿಡಿಸುವುದಿಲ್ಲ. ಅವರ ದಾಸ್ತಾನು ಮೊದಲೇ ತೆಳ್ಳಗಿದ್ದಿರಬೇಕು. ಆಪರೇಷನ್‌ಗೆ ಮುಂಚೆ ಒಮ್ಮೆಯೂ ಅದನ್ನು ಅಳೆದಿರಲಿಲ್ಲ.

ಪ್ರೋಟೀನು ದಿನಕ್ಕೆ 60ರಿಂದ 80 ಗ್ರಾಂ ಬೇಕೆನ್ನುತ್ತಾರೆ. ನಮ್ಮದು ತೊಗರಿಯ ನಾಡು, ಬೇಳೆಗೆ ಏನು ಕೊರತೆ ಎನ್ನಬಹುದು. 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಪ್ರೋಟೀನು ಇದೆ, ನಿಜ. ಆದರೆ ಒಂದು ವಾಟಗ ನೀರು ಬ್ಯಾಳಿಯಲ್ಲಿ ಇರುವ ಬೇಳೆ ಎಷ್ಟು? ಚಿಕ್ಕ ಚೀಲಕ್ಕೆ ಮೂರು ಚಮಚ ತಿಳಿಸಾರು, ಕಾಲು ರೊಟ್ಟಿ ಹೋದರೆ ಜಾಗ ಮುಗಿಯಿತು. ವೈನಿ ಈಗ ಮೊದಲು ಗಟ್ಟಿ ಬೇಳೆ, ಪನೀರು, ಮೊಸರು, ಮೊಳಕೆ ಮಡಕಿ ತಿಂದು, ಆಮೇಲೆ ಜಾಗ ಉಳಿದರೆ ರೊಟ್ಟಿ ಮುರಿಯುತ್ತಾರೆ. ಅದೂ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ. ಊಟದ ನಡುವೆ ನೀರಿಲ್ಲ. ಎಳ್ಳಮಾಸಿಗೆ ಹೊಲದಲ್ಲಿ ಎಲ್ಲರೂ ಸಜ್ಜಿ ಕಡಬು, ಭಜ್ಜಿ ಬಡಿಸಿಕೊಂಡು ಕೂತಾಗ ಅವರ ತಾಟಿನಲ್ಲಿ ಎರಡು ಸೌಟು ಭಜ್ಜಿ ಇತ್ತು. ಕಾಳು, ಸೊಪ್ಪು ಕೂಡಿದ ಆ ಭಜ್ಜಿಗಿಂತ ಒಳ್ಳೆಯ ಪಥ್ಯ ಯಾವ ಡಯಟ್ ಪಟ್ಟಿಯಲ್ಲೂ ನಾನು ಕಂಡಿಲ್ಲ. ಮಾತ್ರೆಗಳಿಗೂ ಕ್ರಮವಿದೆ. ಆಮ್ಲ ಕಡಿಮೆಯಾದ ಹೊಟ್ಟೆಗೆ ಕ್ಯಾಲ್ಸಿಯಂ ಸಿಟ್ರೇಟ್ ಒಗ್ಗುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕಾರ್ಬೋನೇಟ್ ಅಷ್ಟು ಒಗ್ಗುವುದಿಲ್ಲ. ಕಬ್ಬಿಣವನ್ನೂ ಕ್ಯಾಲ್ಸಿಯಂ ಅನ್ನೂ ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ, ಎರಡು ತಾಸು ಅಂತರ ಬೇಕು. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣ ಹೋಯಿತು. ರಕ್ತಹೀನತೆ ಎಂದು ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರ ಹಾಳಾಗುತ್ತಿರುತ್ತದೆ.

ಇನ್ನೆರಡು ಅಭ್ಯಾಸಗಳ ಬಗ್ಗೆ ಖಂಡಿತವಾಗಿ ಹೇಳಬೇಕು. ಜಠರ ಮತ್ತು ಕರುಳು ಕೂಡಿದ ಹೊಲಿಗೆಯ ಅಂಚಿನಲ್ಲಿ ಹುಣ್ಣಾಗುವುದು ಎರಡೂ ಬೈಪಾಸ್‌ಗಳ ದೌರ್ಬಲ್ಯ. ಬೀಡಿ, ಸಿಗರೇಟು ಅದಕ್ಕೆ ನೇರ ಆಹ್ವಾನ. ಗುಟ್ಕಾ, ತಂಬಾಕು ಅಗಿಯುವವರಿಗೂ ಬಿಟ್ಟು ಬನ್ನಿ ಎನ್ನುತ್ತಾರೆ. ಎರಡನೆಯದು ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆ. ತೂಕ ಇದ್ದವರಿಗೆ ಮೊಣಕಾಲು ನೋವು ಇದ್ದೇ ಇರುತ್ತದೆ, ಮೆಡಿಕಲ್ ಅಂಗಡಿಯವರು ಕೇಳದೆ ಕೊಡುತ್ತಾರೆ. ಬೈಪಾಸ್ ಆದವರಿಗೆ ಅವು ಬೇಡ, ಪ್ಯಾರಾಸಿಟಮಾಲ್ ಸಾಕು. ಬಿಟ್ಟ ದೊಡ್ಡ ಜಠರದಲ್ಲಿ ಹುಣ್ಣಾದರಂತೂ ಅದರೊಳಗೆ ಮಾಮೂಲಿ ಎಂಡೋಸ್ಕೋಪಿ ನಳಿಕೆ ಹೋಗುವುದೇ ಇಲ್ಲ.

ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿ.ಮೀ. ಸೊಲ್ಲಾಪುರ ನೂರು ದಾಟುತ್ತದೆ. ಬೆಂಗಳೂರು ಒಂದು ರಾತ್ರಿಯ ರೈಲು. ನನಗೆ ಗೊತ್ತಿರುವ, ಈ ಆಪರೇಷನ್ ಮಾಡಿಸಿಕೊಂಡವರೆಲ್ಲ ಈ ಮೂರರಲ್ಲಿ ಒಂದು ಕಡೆ ಹೋಗಿ ಬಂದವರು. ಆಪರೇಷನ್‌ಗೆ ದೂರ ಹೋಗುವುದು ತಪ್ಪಲ್ಲ. ವರ್ಷಕ್ಕೆ ನೂರಾರು ಮಾಡುವ ಕೈ ಒಳ್ಳೆಯದೇ. ಅನುಭವಿಗಳ ಕೈಯಲ್ಲಿ ಸಾವಿನ ಅಪಾಯ ಸಾವಿರಕ್ಕೆ ಒಂದೆರಡು, ಪಿತ್ತಕೋಶ ತೆಗೆಯುವ ಆಪರೇಷನ್ನಿಗೆ ಹತ್ತಿರ. ಆದರೆ ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದಾಗ ನೋಡುವವರು ಹೈದರಾಬಾದಿನ ಸರ್ಜನ್ ಅಲ್ಲ. ಜಿಮ್ಸ್ ಆಸ್ಪತ್ರೆಯಲ್ಲೋ, ಅಫಜಲಪುರದ ತಾಲ್ಲೂಕು ಆಸ್ಪತ್ರೆಯಲ್ಲೋ ಡ್ಯೂಟಿಯಲ್ಲಿರುವ ಎಳೆಯ ಡಾಕ್ಟರು. ರೂ ಬೈಪಾಸ್ ಎಂದು ಚೀಟಿಯಲ್ಲಿದ್ದರೆ ಅವರು ಒಳ ಹರ್ನಿಯಾ ನೆನೆದು ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಬರೀ ‘ಹೊಟ್ಟೆ ಆಪರೇಷನ್’ ಎಂದರೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಅವರನ್ನು ಬೈಯುವುದು ನ್ಯಾಯವಲ್ಲ.

ಹಾಗಾದರೆ ಯಾವುದು ಒಳ್ಳೆಯದು? ನನ್ನ ಅಭಿಪ್ರಾಯ ಹೇಳುತ್ತೇನೆ, ನಿರ್ಧಾರ ಸರ್ಜನ್ ಮತ್ತು ರೋಗಿ ಕೂಡಿ ಮಾಡಬೇಕಾದದ್ದು. ಮೊಟ್ಟೆ ಮಾಂಸ ಮುಟ್ಟದ, ಮೊದಲೇ ರಕ್ತ ಕಡಿಮೆ ಇರುವ, ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಗಳಿಗೆ 200 ಸೆಂ.ಮೀ. ಮಿನಿ ಬೈಪಾಸ್ ಅವಸರದ ಆಯ್ಕೆ. ಎದೆಯುರಿ ಇಲ್ಲದಿದ್ದರೆ ಸ್ಲೀವ್, ಇದ್ದರೆ ರೂ ಬೈಪಾಸ್ ಬಗ್ಗೆ ಅವರು ಮೊದಲು ಮಾತಾಡಬೇಕು. ಯಾವುದೇ ಆಗಲಿ, ಗರ್ಭ ಧರಿಸುವುದನ್ನು ಒಂದರಿಂದ ಒಂದೂವರೆ ವರ್ಷ ಮುಂದೂಡಬೇಕು. ಇನ್ಸುಲಿನ್ ಮೇಲಿರುವ, ಬಿಎಂಐ 45 ದಾಟಿದ, ತಪ್ಪದೆ ರಕ್ತ ಪರೀಕ್ಷೆಗೆ ಬರುವ ಶಿಸ್ತಿನವರಿಗೆ ಮಿನಿ ಒಳ್ಳೆಯ ಆಪರೇಷನ್ನೇ, 150ರಲ್ಲಿ ನಿಂತರೆ ಇನ್ನೂ ಒಳ್ಳೆಯದು. ಮಾತ್ರೆ ನುಂಗಲು ಬೇಸರಪಡುವವರಿಗೆ ಎರಡೂ ಬೈಪಾಸ್ ಬೇಡ. ವೈನಿಗೆ ಆದದ್ದು ತಪ್ಪು ಆಪರೇಷನ್ ಎಂದು ನಾನು ಹೇಳುತ್ತಿಲ್ಲ. 38 ಕಿಲೋ ಇಳಿದರು, ಇನ್ಸುಲಿನ್ ಬಿಟ್ಟರು, ಶರಣಬಸವೇಶ್ವರ ಜಾತ್ರೆಯಲ್ಲಿ ತೇರಿನ ಹಿಂದೆ ನಡೆದರು. ತಪ್ಪಿದ್ದು ಮೂರು ತಿಂಗಳ ಮಾತ್ರೆ ಪಟ್ಟಿಯಲ್ಲಿ. ಅದು ಜೀವಮಾನದ ಪಟ್ಟಿಯಾಗಬೇಕಿತ್ತು.

ದುಡ್ಡಿನ ಮಾತು ಬಂದರೆ ವಿಮೆಯವರ ಗೆರೆ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಅಥವಾ ಹೆಚ್ಚು ಇರಬೇಕು. 35 ಇದ್ದರೆ ಹೃದಯದ ಕಾಯಿಲೆ, ತೀವ್ರ ಉಸಿರುಗಟ್ಟುವ ನಿದ್ರೆ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆಯಂಥದ್ದು ಇದ್ದು, ಬೇರೆ ದಾರಿಗಳು ಸೋತಿರಬೇಕು. ಇದು 1991ರ ಅಮೆರಿಕದ ಗೆರೆಯೇ. ವೈದ್ಯರು ಗೆರೆ ಇಳಿಸಿದ್ದಾರೆ, ಅದೂ ನಮ್ಮ ಏಷ್ಯಾದ ಮೈಕಟ್ಟು ನೋಡಿ. ಬಿಎಂಐ 33, ಇನ್ಸುಲಿನ್ 60 ಯುನಿಟ್ ಇರುವ ಕಲಬುರಗಿಯ ಶಿಕ್ಷಕಿಗೆ ವೈದ್ಯಶಾಸ್ತ್ರ ಹೌದು ಅನ್ನುತ್ತದೆ, ಪಾಲಿಸಿ ಇಲ್ಲ ಅನ್ನುತ್ತದೆ. ಇದು ಬದಲಾಗಬೇಕು. ಜೊತೆಗೆ ಆಪರೇಷನ್ ಖರ್ಚು ಕೊಡುವವರು ಆಮೇಲಿನ ವಾರ್ಷಿಕ ರಕ್ತ ಪರೀಕ್ಷೆಯನ್ನೂ ಕೊಡಬೇಕು.

ಈಗ ತೂಕ ಇಳಿಸುವ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬಂದ ಮೇಲೆ ಆಪರೇಷನ್ ಯಾಕೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತಕ್ಕೆ ಬಂದವು. ಬೈಪಾಸ್ ಆದ ಕರುಳು ತಾನೇ ಉಕ್ಕಿಸುವ ಜಿಎಲ್‌ಪಿ-1ರ ಕೆಲಸವನ್ನು ಇವು ಹೊರಗಿನಿಂದ ಮಾಡುತ್ತವೆ. ಅಧ್ಯಯನಗಳಲ್ಲಿ ವೆಗೋವಿಯಿಂದ ದೇಹತೂಕದ ಸುಮಾರು 15%, ಮೌಂಜಾರೊದಿಂದ 20%ರಷ್ಟು ಇಳಿಯಿತು. ವೆಗೋವಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತು. ಬಿಎಂಐ 32 ಇರುವವರು ಮೊದಲು ಇದನ್ನು ನೋಡುವುದು ಸರಿ. 46 ಇರುವವರಿಗೆ ಇದೊಂದೇ ಸಾಲುವುದು ಕಷ್ಟ.

ವೈನಿ ಈಗ ಒಂದು ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಿ ಪರ್ಸಿನಲ್ಲಿ ಇಟ್ಟಿದ್ದಾರೆ. ಒಂದೇ ಜೋಡಣೆಯ ಬೈಪಾಸ್, 200 ಸೆಂ.ಮೀ., ಆಪರೇಷನ್ ತಿಂಗಳು, ನೋವಿನ ಗುಳಿಗೆ ಬೇಡ, ಸರ್ಜನ್ ಫೋನು. ಬಿ12 ಇಂಜೆಕ್ಷನ್ನನ್ನು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ತಗೊಂಡರು. ಈಗ ತಿಂಗಳಿಗೊಮ್ಮೆ ಓಣಿಯ ಕಂಪೌಂಡರ್ ಕಾಕಾ ಮನೆಗೇ ಬಂದು ಚುಚ್ಚಿ ಹೋಗುತ್ತಾರೆ. ಹಿಮೋಗ್ಲೋಬಿನ್ 11.6ಕ್ಕೆ ಏರಿದೆ. ಬಲಗಾಲಿನ ಜೋಮು ಪೂರ್ತಿ ಹೋಗಿದೆ. ಎಡಗಾಲಿನ ಎರಡು ಬೆರಳಲ್ಲಿ ಇನ್ನೂ ಇದೆ, ಅದು ಹೋಗಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು.